ಕೈ ತಪ್ಪೋ ಪಿಸ್ತೂಲು ತಪ್ಪೋ

ದೊಡ್ಡಬಳ್ಳಾಪುರದ ಸೀರೆ ವ್ಯಾಪಾರಿ ಆದಿನಾರಾಯಣಪ್ಪನವರು ಬೆಂಗಳೂರು ದಂಡಿನ ಹರಾಜಿಗೆ ಹೋದದ್ದು ತೇಗದ ಮಂಚ ತರಲು. ಯುದ್ಧ ಮುಗಿದು ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದ ಕಾಲ ಅದು. ಮಂಚ ಬೇರೆಯವರ ಪಾಲಾಯಿತು. ಬರಿಗೈಲಿ ಊರಿಗೆ ಮರಳುವುದು ಹೇಗೆಂದು ಅವರು ಯಾವನೋ ಕ್ಯಾಪ್ಟನ್ನನ ಇಂಗ್ಲಿಷ್ ಪಿಸ್ತೂಲಿಗೆ ಕೂಗಿಬಿಟ್ಟರು. ಲೈಸೆನ್ಸು ಬಂದು ಪಿಸ್ತೂಲು ಕೈಸೇರುವುದು ತಡವಾಯಿತು. ಅಷ್ಟರಲ್ಲಿ ಅವರು ಒಂದು ಗುಂಡನ್ನೂ ಹಾರಿಸದೆ ಊರಿನ ಭಾರಿ ಗುರಿಕಾರರಾಗಿದ್ದರು.

ಅದು ಗುರಿಯಾಟದ ಪಿಸ್ತೂಲು. ಕಿರುಬೆರಳಿನ ಗೆಣ್ಣಿನಷ್ಟು ತೋಟಾ. ಅದರ ಬುಡದ ಅಂಚಿಗೆ ಪಿಸ್ತೂಲಿನೊಳಗಿನ ಮೊಳೆ ಬಡಿದರೆ ಸಿಡಿಯುತ್ತದೆ. ಒಂದು ಸಲಕ್ಕೆ ಒಂದೇ ತೋಟಾ ತುಂಬಬೇಕು. ಆದಿನಾರಾಯಣಪ್ಪನವರು ಹಿತ್ತಿಲ ಮಣ್ಣುಗೋಡೆಗೆ ಕಾಗದ ಅಂಟಿಸಿ ನಡುವೆ ಕಾಡಿಗೆಯ ಬೊಟ್ಟಿಟ್ಟು ಅಭ್ಯಾಸಕ್ಕೆ ನಿಂತರು. ಒಂದೆರಡು ವಾರದಲ್ಲಿ ಗೋಡೆಗೆಲ್ಲ ಸಿಡುಬು ಎದ್ದಿತು; ಕಾಗದ ಮಾತ್ರ ಆರೋಗ್ಯವಾಗಿತ್ತು.

ಮೊದಲು ತಪ್ಪು ಗಾಳಿಯದಾಯಿತು. ಆಮೇಲೆ ಬೆಳಕಿನದು. ಕೊನೆಗೆ ಪಿಸ್ತೂಲಿನದು.

"ನಳಿಗೆ ಸೊಟ್ಟ ಇದೆ ಕಣೇ. ಬೂದಿಗೆರೆ ವೆಂಕಟರಾಯಪ್ಪನ ಹತ್ರ ಅಮೆರಿಕಾದ್ದಿದೆಯಂತೆ. ಒಂದು ಸಲ ತುಂಬಿದ್ರೆ ಹತ್ತು ಗುಂಡು ತಾನಾಗೇ ಬರ್ತವಂತೆ" ಎಂದರು ಹೆಂಡತಿಯ ಬಳಿ.

ಲಕ್ಷ್ಮೀದೇವಮ್ಮ ಹಿತ್ತಿಲಲ್ಲಿ ಸೀಗೆಕಾಯಿ ಕುಟ್ಟುತ್ತಿದ್ದರು. "ಸುಮ್ನಿರ್ರೀ. ನಿಮ್ಗದು ಸಿಕ್ಕಿದ್ರೆ ಗೋಡೆ ಬೇಗ ಬೀಳುತ್ತೆ, ಅಷ್ಟೇ."

ಈ ಮಾತು ಆದಿನಾರಾಯಣಪ್ಪನವರಿಗೆ ನಾಟಿತು. ಪಿಸ್ತೂಲಿನ ಅಪರಾಧವನ್ನು ಎಲ್ಲರೆದುರು ರುಜುವಾತು ಮಾಡಲೇಬೇಕೆಂದು ಅವರು ಮಗ್ಗದ ಫಿಟ್ಟರ್ ಬೈಲಪ್ಪನ ಅಂಗಡಿಗೆ ಹೋದರು. ಅಲ್ಲಿ ಸಾಮಾನನ್ನು ಕಬ್ಬಿಣದ ದವಡೆಯಲ್ಲಿ ಕಚ್ಚಿ ಹಿಡಿಯುವ ದೊಡ್ಡ ವೈಸು ಇತ್ತು. ಪಿಸ್ತೂಲಿನ ಹಿಡಿಗೆ ಚರ್ಮ ಸುತ್ತಿ ಅದಕ್ಕೆ ಕಚ್ಚಿಸಿದರು. ಟ್ರಿಗರಿಗೆ ದಾರ ಕಟ್ಟಿ ಬೈಲಪ್ಪ ಎಳೆದ. ಐದು ಗುಂಡು ಹಾರಿದವು. ಎದುರಿನ ಹಲಗೆಯ ಮೇಲೆ ಐದು ತೂತನ್ನೂ ಒಂದು ಎರಡಾಣೆ ಬಿಲ್ಲೆಯಿಂದ ಮುಚ್ಚಬಹುದಿತ್ತು.

ಆದಿನಾರಾಯಣಪ್ಪನವರ ಮುಖ ಸಣ್ಣದಾಯಿತು. ಆದರೆ ವ್ಯಾಪಾರಸ್ಥರು, ಮುಖ ಬಹಳ ಹೊತ್ತು ಹಾಗಿರಲಿಲ್ಲ. ಅಂಗಡಿಯಿಂದ ಹೊರಬರುವಾಗ "ನೋಡಿದ್ರೇನಪ್ಪಾ ನನ್ನ ಗುರಿ!" ಎನ್ನುತ್ತಿದ್ದರು.

ಮಾತು ಬೂದಿಗೆರೆ ಮುಟ್ಟಿತು. ನೂರಾರು ಎಕರೆಯ ಯಜಮಾನ ವೆಂಕಟರಾಯಪ್ಪ, ಅಮೆರಿಕಾದ ಪಿಸ್ತೂಲೇ ಮೇಲು, ಬೇಕಾದರೆ ಪರೀಕ್ಷೆಯಾಗಲಿ ಎಂದು ಹೇಳಿಕಳಿಸಿದ. ಆದಿನಾರಾಯಣಪ್ಪನವರು ಒಂದೇ ಷರತ್ತು ಹಾಕಿದರು: ಪಂದ್ಯ ಪಿಸ್ತೂಲುಗಳಿಗೆ, ಮನುಷ್ಯರಿಗಲ್ಲ, ಆದ್ದರಿಂದ ವೈಸಿನಲ್ಲೇ ಹೊಡೆಯಬೇಕು. ವೆಂಕಟರಾಯಪ್ಪ ಇಷ್ಟು ಬೇಗ ಒಪ್ಪಿಯಾನೆಂದು ಯಾರೂ ಎಣಿಸಿರಲಿಲ್ಲ.

ಬೂದಿಗೆರೆಯ ಒಣಗಿದ ಕೆರೆಯಂಗಳದಲ್ಲಿ ಜನ ಸೇರಿದರು. ಏರಿಗೆ ಹಲಗೆ ಆನಿಸಿದರು. ಬೈಲಪ್ಪ ವೈಸನ್ನು ಗಾಡಿಯಲ್ಲಿ ತಂದು ದೊಡ್ಡ ಕಲ್ಲಿಗೆ ಬಿಗಿದ. ಇಂಗ್ಲಿಷ್ ಪಿಸ್ತೂಲು ಎಂದಿನಂತೆ ಬಿಲ್ಲೆಯಷ್ಟು ಜಾಗದಲ್ಲಿ ತೂತು ಮಾಡಿತು. ಅಮೆರಿಕಾದ್ದು ಅಂಗೈಯಗಲಕ್ಕೆ ಚೆಲ್ಲಿತು.

"ಹತ್ತು ಗುಂಡು ಬಂದ್ರೇನು, ಹತ್ತು ಕಡೆ ಹೋದ್ವು!" ಎಂದರು ಆದಿನಾರಾಯಣಪ್ಪನವರು.

"ತೋಟಾ ಸರಿಯಿಲ್ಲ. ನಿಮ್ಮ ಡಬ್ಬಿದು ಕೊಡಿ" ಎಂದ ವೆಂಕಟರಾಯಪ್ಪ.

ಎರಡು ಪಿಸ್ತೂಲಿಗೂ ಒಂದೇ ಅಳತೆಯ ತೋಟಾ; ಡಬ್ಬಿ ಅದಲುಬದಲಾಯಿತು. ಈಗ ಅಮೆರಿಕಾದ್ದು ಬಿಲ್ಲೆಯಷ್ಟಕ್ಕೆ ಬಂತು, ಇಂಗ್ಲಿಷಿನದು ಅಂಗೈಯಗಲಕ್ಕೆ ಹೋಯಿತು. ಇಬ್ಬರೂ ಹಲಗೆಯ ಮುಂದೆ ಕೂತು ತೂತು ಅಳೆದರು. ತಿದ್ದಿದ ಹಿಡಿ, ಹಗುರವಾದ ಟ್ರಿಗರು, ನಳಿಗೆಯೊಳಗಿನ ಸುರುಳಿಗೆರೆ ಎಂದು ವಾದಿಸಿದರು. ಬಿಸಿಲು ನೆತ್ತಿಗೇರಿತು. ಜನ ಬಂದದ್ದು ಶೂರರನ್ನು ನೋಡಲು. ಸಿಕ್ಕಿದ್ದು ದಾರ ಎಳೆಯುವ ಬೈಲಪ್ಪ.

ಗುಂಪಿನಿಂದ ಅಂಜಿನಮ್ಮ ಎಂಬ ಮುದುಕಿ ಕೂಗಿದಳು: "ಅಲ್ರಪ್ಪಾ, ರಾಗಿ ಬೀಸೋದ್ ಬಿಟ್ಬಂದಿವ್ನಿ. ಒಂದ್ಸಲಾನಾರ ಕೈಯಾಗ್ ಇಡ್ಕೊಂಡ್ ವಡೀರಿ!"

ತೋಟಾ ಒಂದೇ ಉಳಿದಿತ್ತು.

"ನೀವೇ ಹೊಡೀರಿ, ಊರಿಗೆ ಬಂದಿರೋ ನೆಂಟ್ರು" ಎಂದ ವೆಂಕಟರಾಯಪ್ಪ.

"ಎಲ್ಲಾದ್ರೂ ಉಂಟೇ? ಊರು ನಿಮ್ಮದು, ಕೆರೆ ನಿಮ್ಮದು."

"ವಯಸ್ಸಿನಲ್ಲಿ ಹಿರಿಯರು ನೀವು."

"ಎಕರೆಯಲ್ಲಿ ಹಿರಿಯರು ನೀವು."

ಮದುವೆಮನೆಯಲ್ಲಿ ಮೊದಲ ಎಲೆಗೆ ಕೂರುವವರ ಹಾಗೆ ಇಬ್ಬರೂ ಒಬ್ಬರನ್ನೊಬ್ಬರು ಮುಂದೆ ತಳ್ಳಿದರು. ಆಗ ಆದಿನಾರಾಯಣಪ್ಪನವರಿಗೆ ಎದುರಿನವನ ಹಣೆಯ ಬೆವರು ಕಂಡಿತು. ಆ ಬೆವರು ಅವರಿಗೆ ಚೆನ್ನಾಗಿ ಗೊತ್ತು. ಇವನ ಹಿತ್ತಿಲ ಗೋಡೆಗೂ ಸಿಡುಬು ಎದ್ದಿದೆ ಎಂದು ಅರ್ಥವಾಯಿತು. ಯಾಕೋ ಅಯ್ಯೋ ಎನಿಸಿತು. ಅವರು ತಮ್ಮ ಪಿಸ್ತೂಲು ಎತ್ತಿಕೊಂಡು, ಉಸಿರು ಕಟ್ಟಿ, ಕೊನೇ ಗಳಿಗೆಯಲ್ಲಿ ಕಣ್ಣನ್ನೂ ಮುಚ್ಚಿ ಹೊಡೆದರು.

ಹಲಗೆಯಲ್ಲಿ ಹೊಸ ತೂತಿರಲಿಲ್ಲ. ಹಲಗೆಯಿಂದ ಬಹಳ ಆಚೆ ಏರಿಯ ಮೇಲೆ ಒಂದಿಷ್ಟು ಧೂಳೆದ್ದಿತು. ಜನ ನಗುವುದಕ್ಕೆ ಬಾಯಿ ತೆರೆದರು.

"ತೋಟಾ ಸರಿಯಿಲ್ಲ!" ಎಂದು ವೆಂಕಟರಾಯಪ್ಪ ಗಟ್ಟಿಯಾಗಿ ತೀರ್ಪು ಕೊಟ್ಟ. "ಮಳೆಗಾಲದ ಸರಕು. ಅಮೆರಿಕಾದ ಪಿಸ್ತೂಲಾಗಿದ್ರೂ ಇದೇ ಗತಿ. ನಾನೇ ಹೊಡೆದಿದ್ರೂ ಇದೇ ಗತಿ."

ಆದಿನಾರಾಯಣಪ್ಪನವರಿಗೆ ಕಣ್ಣು ತುಂಬಿ ಬಂತು. ಅವರ ಗುರಿಯ ಬಗ್ಗೆ ಇಷ್ಟು ದೊಡ್ಡ ಮನಸ್ಸಿನಿಂದ ಯಾರೂ ಮಾತಾಡಿರಲಿಲ್ಲ. ಇಬ್ಬರೂ ಹೆಗಲ ಮೇಲೆ ಕೈಹಾಕಿಕೊಂಡು ಊಟಕ್ಕೆ ನಡೆದರು. ಅಂಜಿನಮ್ಮ ಬೈದುಕೊಳ್ಳುತ್ತಾ ಬೀಸುವ ಕಲ್ಲಿನ ಕಡೆಗೆ ಹೋದಳು.

ಆಮೇಲಿನ ವರ್ಷಗಳಲ್ಲಿ ಯಾವ ಪಿಸ್ತೂಲು ಮೇಲೆಂದು ಆ ಸೀಮೆಯಲ್ಲಿ ಯಾರಿಗೇ ಅನುಮಾನ ಬಂದರೂ ಇವರಿಬ್ಬರನ್ನೇ ಕೇಳುತ್ತಿದ್ದರು. ಇಬ್ಬರೂ ಒಟ್ಟಿಗೇ ಬರುತ್ತಿದ್ದರು, ನಳಿಗೆಯೊಳಗೆ ಇಣುಕುತ್ತಿದ್ದರು, ಟ್ರಿಗರು ಮುಟ್ಟಿ ತಲೆದೂಗುತ್ತಿದ್ದರು, ಹೊಟ್ಟೆತುಂಬ ಉಂಡು ಅಭಿಪ್ರಾಯ ಹೇಳುತ್ತಿದ್ದರು. ಹೊಡೆದು ತೋರಿಸಿ ಎಂದು ಯಾರಾದರೂ ಕೇಳಿದರೆ, ಈಗ ಮಾರುಕಟ್ಟೆಯಲ್ಲಿ ಒಳ್ಳೆಯ ತೋಟಾ ಎಲ್ಲಿ ಸಿಗುತ್ತದೆ ಎಂದು ಇಬ್ಬರೂ ಒಂದೇ ದನಿಯಲ್ಲಿ ನಿಟ್ಟುಸಿರು ಬಿಡುತ್ತಿದ್ದರು.