ಅಪ್ಪ ನೋಡದ ದೃಶ್ಯ

ನಿನ್ನೆ ಮೊಬೈಲಿನಲ್ಲಿ ಆ ಹಳೆಯ ಸಿನಿಮಾ ಸಿಕ್ಕಿತು. ಕಾದಂಬರಿ ಆಧರಿಸಿದ್ದು, ನಿಷ್ಠಾವಂತ ಮೇಷ್ಟ್ರೊಬ್ಬರು ಕೆಲಸ ಉಳಿಸಿಕೊಳ್ಳಲು ಸುಳ್ಳು ಸಾಕ್ಷಿ ಹೇಳಿ ಹಾಳಾಗುವ ಕಥೆ.

ದೊಡ್ಡನೆಕ್ಕುಂದಿಯ ನಮ್ಮ ಬಾಡಿಗೆ ಕೋಣೆಯ ಟಿವಿಯಲ್ಲಿ ಅದು ಬಂದಾಗಲೆಲ್ಲ, ಮೇಷ್ಟ್ರು ದೀಪ ಮುಟ್ಟಿ ಆಣೆ ಮಾಡುವ ಹೊತ್ತಿಗೆ ಅಪ್ಪ ಎದ್ದುಬಿಡುತ್ತಿದ್ದರು.

"ಕುಂದರ್ರಿ, ಮುಗಿಯಾಕ ಬಂದೈತಿ," ಅನ್ನುತ್ತಿದ್ದಳು ಅವ್ವ.

"ನಾ ಕಾದಂಬರಿ ಓದೀನಿ ಬಿಡ."

ಪಕ್ಕದ ಕೋಣೆಯ ಬಸಣ್ಣ ಮಾಮ ಬಲಗೈಯಲ್ಲಿ ಉಳಿದ ಎರಡೇ ಬೆರಳಲ್ಲಿ ಚಹಾದ ಲೋಟ ಹಿಡಿದು ನೋಡುತ್ತಿದ್ದ. ಮಿಕ್ಕ ಮೂರು, ಅವನೂ ಅಪ್ಪನೂ ದುಡಿಯುತ್ತಿದ್ದ ಫ್ಯಾಕ್ಟರಿಯ ಕೆಟ್ಟ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಹೋಗಿದ್ದವು. ತಪ್ಪು ಅವನದೇ ಎಂದು ಸಾಕ್ಷಿ ಬರೆದುಕೊಟ್ಟವರು ಅಪ್ಪ.

ಅದನ್ನು ನನಗೆ ಹೇಳಿದ್ದು ಬಸಣ್ಣ ಮಾಮನೇ, ಅಪ್ಪನ ಮಣ್ಣಿಗೆ ಬಂದಾಗ. "ನನಗ ಮೊದಲ ಗೊತ್ತಿತ್ತವ್ವಾ. ನಿಮ್ಮಪ್ಪ ಒಂದ್ಸಲರ ಕುಂತು ನೋಡ್ತಾನೇನೋ ಅಂತ ಬರತಿದ್ದೆ."

ನಿನ್ನೆ ಆ ದೃಶ್ಯ ಬಂತು. ನಾನು ಏಳಲಿಲ್ಲ.