ಉಳಿದ ಎರಡು ರೋಲ್ ಸ್ಟಿಕ್ಕರ್

ನನ್ನ ಬೀರುವಿನಲ್ಲಿ, ಮದುವೆಯ ರೇಷ್ಮೆ ಸೀರೆಗಳ ಪಕ್ಕದಲ್ಲಿ, ಎರಡು ರೋಲ್ ಸ್ಟಿಕ್ಕರ್ ಇವೆ.

ಅಂಗೈಯಗಲದ ಸ್ಟಿಕ್ಕರ್. ಮೇಲೆ ಎರಡು ಜಡೆ ಹಾಕಿದ ಪುಟ್ಟ ಹುಡುಗಿಯ ಚಿತ್ರ. ಅದರ ಕೆಳಗೆ 'ರೇಣುಕಾ ಜೋಳದ ರೊಟ್ಟಿ' ಎಂಬ ಹೆಸರು. ಅದಕ್ಕೂ ಕೆಳಗೆ ನಾಲ್ಕು ಸಾಲು. ಆ ನಾಲ್ಕು ಸಾಲು ಬರೆದವಳು ನಾನು.

ಇವನ್ನು ಕಸಕ್ಕೆ ಹಾಕಲಾಗುವುದಿಲ್ಲ. ಸುಡಲಾಗುವುದಿಲ್ಲ. ಬಳಸಲಂತೂ ಆಗುವುದೇ ಇಲ್ಲ. "ಒಣ ಕಸ ಅಲ್ವೇನೇ ಅದು? ಗಾಡಿ ಬಂದಾಗ ಕೊಟ್ಬಿಡು" ಎಂದರು ನಮ್ಮ ಮನೆಯವರು. (ಒಣ ಕಸದ ಗಾಡಿ ಯಾವ ದಿನ ಬರುತ್ತದೆ ಎಂಬುದು ಅವರಿಗೆ ಬಾಯಿಪಾಠ. ನನ್ನ ಹುಟ್ಟಿದ ದಿನ ಮಾತ್ರ ವರ್ಷವೂ ಮರೆತುಹೋಗುತ್ತದೆ.) ನಾನು ಬೀರುವಿಗೆ ಬೀಗ ಹಾಕಿದೆ.

ಈ ಅಂಕಣದಲ್ಲಿ ಇಷ್ಟು ವರ್ಷ ಬೇರೆಯವರ ತಪ್ಪುಗಳನ್ನು ಧಾರಾಳವಾಗಿ ಎತ್ತಿ ಆಡಿದ್ದೇನೆ. ನೀವೂ ಖುಷಿಯಾಗಿ ಓದಿದ್ದೀರಿ. ಈ ವಾರ ಸ್ವಂತದ್ದು. ಓದಿಬಿಡಿ.

ನಾವಿರುವುದು ಹೊಸ ತಿಪ್ಪಸಂದ್ರದಲ್ಲಿ. ಮಾರ್ಕೆಟ್ ರಸ್ತೆಯ ಹಿಂದಿನ ಗಲ್ಲಿಯಲ್ಲೊಂದು ವಠಾರವಿದೆ. ಅದರ ಕೊನೆಯ ಕೋಣೆ ಮಲ್ಲಮ್ಮನದು. ಕಲಬುರಗಿ ಕಡೆಯವಳು. ಗಂಡ ಬಸಪ್ಪನಿಗೆ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ. ಮೊದಲು ಅವಳೂ ಅವನ ಜೊತೆ ಹೋಗಿ ಇಟ್ಟಿಗೆ ಹೊರುತ್ತಿದ್ದಳು. ಮೂರು ವರ್ಷದಿಂದ ಮನೆಯಲ್ಲೇ ಕೂತು ಜೋಳದ ರೊಟ್ಟಿ ಬಡಿದು, ಹಪ್ಪಳದ ಹಾಗೆ ಗರಿಗರಿಯಾಗಿ ಒಣಗಿಸಿ ಮಾರುತ್ತಿದ್ದಳು. ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದಳು. ಜೊತೆಗೆ ಒಂದು ಚಮಚ ಶೇಂಗಾ ಹಿಂಡಿ (ನಮ್ಮ ಕಡೆಯ ಚಟ್ನಿಪುಡಿ), ಕೇಳದಿದ್ದರೂ.

ಬೆಳಿಗ್ಗೆ ನಾನು ಹಾಲು ತರಲು ಹೋಗುವಾಗ ಗಲ್ಲಿಯ ತುದಿಗೇ ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಟಪ ಟಪ ಟಪ ಟಪ. ನಡುವೆ ನಿಲುಗಡೆಯೇ ಇಲ್ಲ. ಇಷ್ಟು ಜೋರಾಗಿ ಯಾಕೆ ಬಡಿಯುತ್ತಾಳೆ ಎಂದು ಪಕ್ಕದ ಕೋಣೆಯವರು ಗೊಣಗುತ್ತಿದ್ದರು. ಅವಳಿಗೊಬ್ಬಳು ಮಗಳಿದ್ದಳು, ಜ್ವರ ಬಂದು ತೀರಿಕೊಂಡಳು ಎಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವಳು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹಾಗೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಆದರೆ ನನಗೆ ಉಪಕಾರ ಮಾಡುವ ಚಟವಿದೆಯಲ್ಲ?

ನನ್ನ ತಂಗಿಯ ಮಗ ಕಾರ್ತಿಕ್. ಒಳ್ಳೆಯ ಹುಡುಗ. ಇಂದಿರಾನಗರದಲ್ಲಿ ಸಣ್ಣಪುಟ್ಟ ಬಿಸಿನೆಸ್ ಮಾಡುವ ಹೆಂಗಸರಿಗೆ ಶನಿವಾರ ಶನಿವಾರ ತರಬೇತಿ ಕೊಡುತ್ತಾನೆ, ಫ್ರೀಯಾಗಿ. ಒಂದು ದಿನ ನಮ್ಮ ಮನೆಯಲ್ಲಿ ಮಲ್ಲಮ್ಮನ ರೊಟ್ಟಿ ತಿಂದವನೇ ಕುಣಿದುಬಿಟ್ಟ. "ದೊಡ್ಡಮ್ಮ, ಸೂಪರ್ ಪ್ರಾಡಕ್ಟು! ಆದ್ರೆ ಸ್ಟೋರಿ ಇಲ್ಲ. ಇವತ್ತು ಜನ ರೊಟ್ಟಿ ತಗೊಳಲ್ಲ, ರೊಟ್ಟಿ ಹಿಂದಿರೋ 'ವೈ', ಅಂದ್ರೆ 'ಯಾಕೆ' ಅನ್ನೋದನ್ನ ತಗೋತಾರೆ. ಅವ್ರನ್ನ ಕರ್ಕೊಂಡ್ ಬನ್ನಿ, ಅವ್ರ 'ವೈ' ಕಂಡುಹಿಡಿಯೋಣ."

ಶಿವಾಜಿನಗರದಲ್ಲಿ ನಾನು ರವಿಕೆಗೆ ಲೇಸ್ ತರುವ ಅಂಗಡಿಯೊಂದಿದೆ. ಅಲ್ಲಿ ಕೂರುವ ಸಾಹೇಬರನ್ನು ಒಮ್ಮೆ ಕೇಳಿದ್ದೆ, ಈ ವ್ಯಾಪಾರವೇ ಯಾಕೆ ಎಂದು. "ನಮ್ಮ ಅಬ್ಬಾ ಕೂತಿದ್ರು, ನಾನೂ ಕೂತೆ. ಎಷ್ಟ್ ಮೀಟರ್ ಕೊಡ್ಲಿ ಮ್ಯಾಡಮ್?" ಎಂದಿದ್ದರು. ಇದಕ್ಕಿಂತ ಆರೋಗ್ಯವಂತ ಉತ್ತರ ಇದೆಯೇ? ಅದು ನನಗೆ ಆಗ ನೆನಪಾಗಬೇಕಿತ್ತು. ಆಗಲಿಲ್ಲ. ಮೂವತ್ತು ವರ್ಷ ಜಾಹೀರಾತು ಬರೆದು ನಿವೃತ್ತಳಾದವಳು ನಾನು. 'ಸ್ಟೋರಿ' ಎಂಬ ಪದ ಕಿವಿಗೆ ಬಿದ್ದರೆ ಮೈಮೇಲೆ ದೇವರು ಬರುತ್ತದೆ.

ಮಲ್ಲಮ್ಮ ಮೊದಲು ಬೇಡವೆಂದಳು. "ನಮಗ್ಯಾಕ ಬೇಕ್ರಿ ಅಕ್ಕಾರ ಅದೆಲ್ಲ?" ನಾನು ಬಿಡಲಿಲ್ಲ. ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು ನನ್ನ ಹಿಂದೆ ಆಟೋ ಹತ್ತಿದಳು.

ಗಾಜಿನ ಗೋಡೆಯ ಹಾಲ್. ಹತ್ತು ಹನ್ನೆರಡು ಹೆಂಗಸರು. ಕಾರ್ತಿಕ್‌ನದು ಒಂದು ವಿಧಾನವಿದೆ: ಐದು ಸಲ 'ಯಾಕೆ' ಎಂದು ಕೇಳುವುದು. ಐದನೆಯ ಉತ್ತರದಲ್ಲಿ ಮನುಷ್ಯನ ನಿಜವಾದ ಕಾರಣ ಸಿಗುತ್ತದಂತೆ. ಮಲ್ಲಮ್ಮನ ಸರದಿ ಬಂತು.

"ರೊಟ್ಟಿ ಯಾಕೆ ಮಾಡ್ತೀರಮ್ಮ?"

"ಹೊಟ್ಟಿಗ್ರಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು.

"ಹೊಟ್ಟೆಗೆ ಅಂದ್ರೆ ಬೇರೆ ಕೆಲಸಾನೂ ಇದಾವಲ್ಲ. ರೊಟ್ಟಿನೇ ಯಾಕೆ?"

"ಅದೊಂದ ಬರ್ತದ್ರಿ ಕೈಗಿ."

"ಮುಂಚೆ ಕಟ್ಟಡದ ಕೆಲಸಕ್ಕೆ ಹೋಗ್ತಿದ್ರಂತೆ. ಬಿಟ್ಟಿದ್ದು ಯಾಕೆ?"

ಅವಳು ಸೆರಗಿನ ಅಂಚು ಹಿಡಿದುಕೊಂಡಳು. "ಮಗಳು ತೀರಿಕೊಂಡಳ್ರಿ. ಅಲ್ಲಿ ಉಸುಕಿನ ಗುಡ್ಡಿ ಮ್ಯಾಲ ಆಡ್ತಿದ್ಳು. ಅದು ನೋಡ್ಲಾಕ ಆಗಲಿಲ್ಲ."

ಕಾರ್ತಿಕ್ ಅಲ್ಲಿ ನಿಂತ. ನಿಜವಾಗಿ ನಿಂತ. ಮುಂದುವರಿಸಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಮುಂದುವರಿಸು ಎಂದು. ಈ ಒಂದು ತಲೆಯಾಡಿಸುವಿಕೆಯನ್ನು ವಾಪಸ್ ತೆಗೆದುಕೊಳ್ಳುವಂತಿದ್ದರೆ ನನ್ನ ಉಳಿದ ಅಂಕಣಗಳನ್ನೆಲ್ಲ ಬಿಟ್ಟುಕೊಡುತ್ತೇನೆ.

"ಮನೇಲಿ ಸ್ವಲ್ಪ ದಿನ ಸುಮ್ನೆ ಇರಬಹುದಿತ್ತಲ್ಲಮ್ಮ, ಯಾಕೆ ಇರ್ಲಿಲ್ಲ?"

"ಖಾಲಿ ಕುಂತ್ರ ಕರದಂಗ ಕೇಳಸ್ತದ್ರಿ. ಯವ್ವಾ ಅಂತ."

"ಅದಕ್ಕೆ ರೊಟ್ಟಿ ಯಾಕೆ?"

ಅವಳು ಬಾಗಿಲ ಕಡೆ ನೋಡಿದಳು. "ಹೇಳು ಮಲ್ಲಮ್ಮ, ಪರವಾಗಿಲ್ಲ" ಎಂದು ಬೆನ್ನು ಸವರಿದೆ. ಅವಳು ನೆಲ ನೋಡುತ್ತಾ ಹೇಳಿದಳು: "ರೊಟ್ಟಿ ಬಡಿಯೋ ಸಪ್ಪಳದಾಗ ಅದು ಕೇಳಸಂಗಿಲ್ರಿ."

ಆಮೇಲೆ ಚಪ್ಪಾಳೆ. ಒಬ್ಬರು ಶುರು ಮಾಡಿದರು, ಎಲ್ಲರೂ ಸೇರಿಕೊಂಡರು. ಕಾರ್ತಿಕ್ ಕಣ್ಣೊರೆಸಿಕೊಂಡು "ಇದೇ ಅಮ್ಮ ನಿಮ್ಮ ವೈ" ಎಂದ. ಮಲ್ಲಮ್ಮ ಗಾಬರಿಯಾಗಿ ನನ್ನ ಕಡೆ ತಿರುಗಿದಳು. ತಾನೇನು ಮಾಡಿದೆ, ಇವರೆಲ್ಲ ಯಾಕೆ ಖುಷಿಯಾದರು ಎಂದು ಅವಳಿಗೆ ಗೊತ್ತಾಗಲಿಲ್ಲ.

ಆಮೇಲಿನದು ಸರಸರ ನಡೆದುಹೋಯಿತು. ಮಗಳ ಹೆಸರು ರೇಣುಕಾ, ಅದನ್ನೇ ರೊಟ್ಟಿಗಿಟ್ಟೆವು. ಅವಳ ಫೋಟೊ ಕೇಳಿದೆವು. ಇದ್ದದ್ದು ಆಧಾರ್ ಕಾರ್ಡಿನ ಫೋಟೊ ಒಂದೇ. ಕಾರ್ತಿಕ್‌ನ ಕಡೆಯ ಹುಡುಗಿಯೊಬ್ಬಳು ಅದನ್ನು ನೋಡಿ ಚಿತ್ರ ಬರೆದಳು. ಚೆನ್ನಾಗಿ ಬಂತು. ಬೇಡವೆನ್ನುವಷ್ಟು ಚೆನ್ನಾಗಿ. ನಾನು ನಾಲ್ಕು ಸಾಲು ಬರೆದೆ:

'ಮಗಳಿಗೆಂದು ತಾಯಿ ಬಡಿದ ರೊಟ್ಟಿ.
ಇಂದು ಮಗಳಿಲ್ಲ.
ತಾಯಿಯ ಕೈ ನಿಂತಿಲ್ಲ.
ಪ್ರತಿ ರೊಟ್ಟಿಯಲ್ಲೂ ರೇಣುಕಾ ಇದ್ದಾಳೆ.'

ಮಲ್ಲಮ್ಮನಿಗೆ ಓದು ಬರುವುದಿಲ್ಲ. ನಾನೇ ಓದಿ ಹೇಳಿದೆ. "ಚಂದ ಅದ್ರಿ ಅಕ್ಕಾರ" ಎಂದಳು. ಅದನ್ನು ಒಪ್ಪಿಗೆ ಎಂದುಕೊಂಡೆ. ನನ್ನಂಥವಳ ಎದುರು ಅವಳಂಥವಳು ಬೇರೇನು ಹೇಳಲು ಸಾಧ್ಯ? ಬಾಗಿಲ ಬಳಿ ನಿಂತಿದ್ದ ಬಸಪ್ಪ ಮಾತ್ರ ಮೆಲ್ಲಗೆ ಅಂದ: "ಅಕಿಗಿ ರೊಟ್ಟಿ ಸೇರ್ತಿದ್ದಿಲ್ರಿ. ಅನ್ನ ಸಾರು ಅಂದ್ರ ಜೀವ." ನಾನು ನಕ್ಕು, "ಇರ್ಲಿ ಬಸಪ್ಪ, ಕಥೆ ಚೆನ್ನಾಗಿದೆಯಲ್ಲ" ಎಂದೆ.

ಹಾಗೆಂದೆ. ಒಬ್ಬ ಅಪ್ಪನಿಗೆ.

ವ್ಯಾಪಾರ ಏರಿತು. ಅದರಲ್ಲಿ ಸುಳ್ಳಿಲ್ಲ. ಮಾರತ್ತಹಳ್ಳಿಯ ಅಪಾರ್ಟ್‌ಮೆಂಟುಗಳಿಂದ ಆರ್ಡರ್ ಬಂತು. ಹಲಸೂರಿನ ಅಂಗಡಿಗಳಲ್ಲಿ ಪ್ಯಾಕೆಟ್ ನೇತಾಡಿದವು. ಫೋನಿನಲ್ಲಿ ಈ ಕಥೆ ನೋಡಿದವರು ವಠಾರ ಹುಡುಕಿಕೊಂಡು ಬಂದರು. "ನೀವೇನಾ ರೇಣುಕಾ ತಾಯಿ?" ಎಂದು ಅಪ್ಪಿಕೊಂಡರು, ಸೆಲ್ಫಿ ತೆಗೆದುಕೊಂಡರು. ಹೇಗಾಯ್ತು, ಎಷ್ಟು ದಿನ ಜ್ವರ ಇತ್ತು ಎಂದು ಕೇಳಿದರು. ಕೇಳುತ್ತಲೇ ಇನ್ನೊಂದು ಚಮಚ ಹಿಂಡಿ ಹಾಕಿಸಿಕೊಂಡರು.

ಒಂದು ದಿನ ಹಲಸೂರಿನ ಅಂಗಡಿಗೆ ಹೊಸ ಪ್ಯಾಕೆಟ್ ಕೊಡಲು ಅವಳ ಜೊತೆ ನಾನೂ ಹೋಗಿದ್ದೆ. ಗಿಜಿಗುಡುವ ಅಂಗಡಿ. ಮಾಲೀಕ ಪಾಪ ತಲೆಯೆತ್ತಲೂ ಪುರುಸೊತ್ತಿಲ್ಲದೆ ಹೇಳಿದ: "ಅಮ್ಮಾ, ಹೊಸ ರೇಣುಕಾ ಅಲ್ಲಿಡು. ಆ ಹಳೇ ರೇಣುಕಾ ಎಲ್ಲಾ ಎತ್ಕೊಂಡ್ ಹೋಗ್ಬಿಡಮ್ಮಾ, ಡೇಟ್ ಮುಗ್ದೋಯ್ತು."

ಅವನಿಗೇನು ಗೊತ್ತು? ಅವನಿಗೆ ಅದು ಮಾಲಿನ ಹೆಸರು. ಬಿಸ್ಕತ್ತಿನ ಹಾಗೆ, ಸೋಪಿನ ಹಾಗೆ. ಮಲ್ಲಮ್ಮ ಹಳೆಯ ಪ್ಯಾಕೆಟ್‌ಗಳನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಒಂದೊಂದನ್ನೇ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಗಲೂ ನಾನು ಅಂದುಕೊಂಡದ್ದೇನು ಗೊತ್ತೇ? ಅಭ್ಯಾಸವಾಗುತ್ತದೆ ಬಿಡು ಎಂದು.

ಹದಿನೈದು ದಿನದ ಹಿಂದೆ ಹಾಲು ತರಲು ಹೋದಾಗ ಗಲ್ಲಿ ನಿಶ್ಶಬ್ದವಾಗಿತ್ತು. ಮರುದಿನವೂ. ಮೂರನೆಯ ದಿನ ಒಳಗೆ ಹೋದೆ. ಮಲ್ಲಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ರೊಟ್ಟಿ ಸುಡುವ ಹಂಚು ಗೋಡೆಗೆ ಒರಗಿತ್ತು. ಎರಡು ರೋಲ್ ಸ್ಟಿಕ್ಕರ್ ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಪಕ್ಕ ಇದ್ದವು.

"ಹುಷಾರಿಲ್ವಾ ಮಲ್ಲಮ್ಮ?"

"ಅರಾಮ ಅದೀನ್ರಿ. ರೊಟ್ಟಿ ಬಿಟ್ಟೀನಿ."

"ಯಾಕೆ?"

(ನೋಡಿ, ಮತ್ತೆ ಅದೇ ಪ್ರಶ್ನೆ. ನಾಲಿಗೆಗೆ ನಾಚಿಕೆಯೇ ಇಲ್ಲ.)

"ಈಗ ಬಡದ್ರೂ ಕೇಳಸ್ತದ್ರಿ ಅಕ್ಕಾರ. ಸಪ್ಪಳದಾಗೂ ಕೇಳಸ್ತದ. ಒಂದೊಂದು ಪ್ಯಾಕೆಟ್ಟಿಗಿ ಅಕಿ ಮಾರಿ ನೋಡ್ಕೋತ ಅಂಟಸಬೇಕು. ಮಂದಿ ಅಕಿ ಹೆಸರು ಹಿಡದು ಹತ್ತು ಕೊಡು, ಇಪ್ಪತ್ತು ಕೊಡು ಅಂತಾರ. ಮೊದಲ ಮರೀಲಾಕ ಒಂದು ಜಾಗ ಇತ್ತು. ಈಗ ಅದೂ ಇಲ್ಲ."

ಸ್ಟಿಕ್ಕರ್ ಬೇಡ, ಮೊದಲಿನ ಹಾಗೆ ಪೇಪರಿನಲ್ಲಿ ಸುತ್ತಿ ಕೊಡು, ನಾನೇ ಎಲ್ಲರಿಗೂ ಹೇಳುತ್ತೇನೆ ಎಂದು ಬಡಬಡಿಸಿದೆ. ಅವಳು ತಲೆ ಅಲ್ಲಾಡಿಸಿದಳು. ಎಲ್ಲರಿಗೂ ಗೊತ್ತಾಗಿದೆಯಲ್ಲ. ಗೊತ್ತಾದದ್ದನ್ನು ಯಾವ ಪೇಪರಿನಲ್ಲಿ ಸುತ್ತುವುದು? ಬೇರು ಬಿಟ್ಟಿದೆಯೇ ಎಂದು ನೋಡಲು ಗಿಡವನ್ನು ಕಿತ್ತವಳು ನಾನು. ಮತ್ತೆ ಮಣ್ಣಿಗೆ ಊರಿ ನೀರು ಹಾಕುತ್ತೇನೆ ಎಂದರೆ ಅದು ಚಿಗುರುತ್ತದೆಯೇ?

ಎದ್ದು ಹೋಗಿ ರೋಲ್‌ಗಳನ್ನು ತಂದಳು. "ಇವಕ್ಕ ಏನ್ ಮಾಡ್ಲಿ ಅಕ್ಕಾರ? ಕಸದಾಗ ಹ್ಯಾಂಗ ಒಗೀಲಿ? ಸುಡ್ಲಾಕ ಕೈ ಬರಂಗಿಲ್ಲ. ಮಣ್ಣಾಗ ಇಡೋದು ಒಮ್ಮಿ ಆಗ್ಯಾದ." ಎರಡನ್ನೂ ನನ್ನ ಕೈಯಲ್ಲಿಟ್ಟಳು. "ನೀವ ಬರದೀರಿ. ನೀವ ಇಟ್ಕೋರಿ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನಾನಿವತ್ತು ಸ್ವಲ್ಪ ಹಗುರಾಗಿರುತ್ತಿದ್ದೆ.

ಈಗ ಅವಳು ಮಾರತ್ತಹಳ್ಳಿಯ ಆಫೀಸೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುತ್ತಾಳೆ. ಮೊನ್ನೆ ಬಸ್ ಸ್ಟಾಪಿನಲ್ಲಿ ಸಿಕ್ಕಳು. ನೀಲಿ ಯೂನಿಫಾರ್ಮ್, ಕೊರಳಲ್ಲಿ ಐಡಿ ಕಾರ್ಡು. ಕೆಲಸ ಹೇಗಿದೆ ಎಂದು ಕೇಳಿದೆ. "ಬೇಸ್ ಅದ್ರಿ. ಅಲ್ಲಿ ಯಾಕಂತ ಯಾರೂ ಕೇಳಂಗಿಲ್ಲ" ಎಂದಳು. ರೊಟ್ಟಿ ಮನೆಗಾದರೂ ಮಾಡುತ್ತೀಯಾ ಎಂದೆ. ಇಲ್ಲವಂತೆ. ಎರಡು ಹೊತ್ತೂ ಅನ್ನ ಸಾರು.

ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವರು, "ಅಷ್ಟೆಲ್ಲಾ ಮಾಡ್ಕೊಟ್ರಿ ನೀವಿಬ್ರೂ. ಊರು ಉಪಕಾರ ಅರಿಯದು ಬಿಡು" ಎಂದರು. ಆ ಗಾದೆಯ ಉಳಿದರ್ಧ ಅವರ ಬಾಯಲ್ಲಿ ಬರಲಿಲ್ಲ. ನನ್ನ ತಲೆಯಲ್ಲಿ ಬಂತು. ಹೆಣ ಶೃಂಗಾರ ಅರಿಯದು. ಶೃಂಗಾರ ಮಾಡಿದವಳು ನಾನೇ, ಎರಡು ಜಡೆ ಹಾಕಿಸಿ, ನಾಲ್ಕು ಸಾಲು ಬರೆದು. ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ಆಮೇಲೆ ಹೊಳೆಯಿತು, ನಾನೂ ಸಪ್ಪಳದ ಆಸರೆ ಹುಡುಕಿದ್ದೆ.

ಕಾರ್ತಿಕ್ ನಿನ್ನೆ ಫೋನ್ ಮಾಡಿದ್ದ. ಮಲ್ಲಮ್ಮನ ವಿಷಯ ಹೇಳಿದೆ. ನಿಜವಾಗಿಯೂ ನೊಂದುಕೊಂಡ. ಕೊನೆಗೆ, "ನೆಕ್ಸ್ಟ್ ಬ್ಯಾಚಲ್ಲಿ ಶಿವಾಜಿನಗರದ ಹೂವಿನ ಅಮ್ಮ ಒಬ್ರು ಇದಾರೆ ದೊಡ್ಡಮ್ಮ. ಏನ್ ಕೇಳ್ಲಿ ಅವ್ರನ್ನ?" ಎಂದ.

"ಮೊಳ ಎಷ್ಟು ಅಂತ ಕೇಳು. ಕೊಂಡ್ಕೊಂಡು ಬಾ" ಎಂದೆ.

ಹೇಳುವುದು ಸುಲಭ. ಬೀರು ತೆಗೆದರೆ ಸೀರೆಗಳ ಪಕ್ಕದಿಂದ ರೇಣುಕಾ ನೋಡುತ್ತಾಳೆ. ಅನ್ನ ಸಾರು ಇಷ್ಟಪಡುತ್ತಿದ್ದ ಹುಡುಗಿ. ಅವಳ ತಾಯಿಗೆ ಮತ್ತೆ ಆ ಸಪ್ಪಳವನ್ನು ಕೊಡಲು ನನ್ನಿಂದ ಆಗುವುದಿಲ್ಲ. ಯಾರಿಂದಲೂ ಆಗುವುದಿಲ್ಲ. ಅಂದು ಆ ಹಾಲ್‌ನಲ್ಲಿ ಚಪ್ಪಾಳೆ ಶುರು ಮಾಡಿದ್ದು ಒಬ್ಬರು ಎಂದೆನಲ್ಲ, ಅದು ನಾನು.

ಐದು 'ಯಾಕೆ'ಗಳನ್ನೂ ಮಲ್ಲಮ್ಮನಿಗೇ ಕೇಳಿದೆವು. ಆರನೆಯದು ನನ್ನ ಪಾಲಿಗಿದೆ, ನಾನು ಚಪ್ಪಾಳೆ ತಟ್ಟಿದ್ದು ಯಾಕೆ?