ಕೋಳಿ ಅಂಕದ ಆಟದಲ್ಲಿ ಮಿಂಚು

ಕೋಳಿ ಸಾಯುವುದನ್ನು ಬಿಡಿಸುವುದು ಸುಲಭವಲ್ಲ. ಅದೂ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಬಿಡಿಸುವಾಗ. ಕುತ್ತಿಗೆಯ ಹತ್ತಿರ ಒಂದು ಕೆಂಪು ಚೌಕ ಹೆಚ್ಚಾದರೆ ಗಾಯದಂತೆ ಕಾಣುವುದಿಲ್ಲ, ಮಾಲೆ ಹಾಕಿದಂತೆ ಕಾಣುತ್ತದೆ. ಒಂದು ಕಡಿಮೆಯಾದರೆ ಸತ್ತದ್ದೇ ಗೊತ್ತಾಗುವುದಿಲ್ಲ. ಎರಡು ಸಾವಿರದ ಹದಿನಾಲ್ಕರ ಸುಮಾರಿಗೆ ನಾನೂ ನನ್ನ ಬಾವನೂ ಬಂದ್ಯೋಡಿನ ನಮ್ಮ ಮನೆಯ ಚಾವಡಿಯಲ್ಲಿ ಕೂತು ಇಂಥದೊಂದು ಕಂಪ್ಯೂಟರ್ ಆಟ ಮಾಡುತ್ತಿದ್ದೆವು. ಬಾವ ಎಂದರೆ ಅಮ್ಮನ ಅಣ್ಣನ ಮಗ. ಅವನದು ಕೋಡ್, ನನ್ನದು ಚಿತ್ರ. ಹಿಂದೆ ಯಾವ ಕಂಪನಿಯೂ ಇರಲಿಲ್ಲ, ನಾವಿಬ್ಬರೇ.

ಆಟ ಕೋಳಿ ಅಂಕದ್ದು, ಅಂದರೆ ಕೋಳಿ ಕಾಳಗದ್ದು. ಬೇರೆ ಎಂತದು ಮಾಡುವುದು? ನಮಗೆ ಗೊತ್ತಿದ್ದದ್ದು ಅದೇ. ಬಾವನ ಅಪ್ಪ, ಅಂದರೆ ನನ್ನ ಮಾವ, ಅಂಕದ ಕೋಳಿಗಳ ಕಾಲಿಗೆ ಬಾಳು ಕಟ್ಟುವವನು. ಬಾಳು ಎಂದರೆ ಬೆರಳುದ್ದದ ಕತ್ತಿ, ನೂಲಿನಿಂದ ಕೋಳಿಯ ಕಾಲಿಗೆ ಬಿಗಿಯುವುದು. ಚಿಕ್ಕಂದಿನಲ್ಲಿ ಮಾವನ ಬೆನ್ನಿಗೆ ಬಿದ್ದು ನೆಕ್ರಾಜೆ ಕಡೆಯ ಗದ್ದೆಗಳಿಗೆ ನಾವಿಬ್ಬರೂ ಹೋಗಿದ್ದೇವೆ. ಎರಡು ಹುಂಜ ಒಟ್ಟಿಗೆ ಮೇಲೆ ಹಾರುವುದು, ರೆಕ್ಕೆಯ ಸದ್ದು, ಇಳಿಯುವಾಗ ಒಂದರ ಹೊಟ್ಟೆ ಸೀಳಿರುವುದು. ಜನ ಕಿರುಚುತ್ತಾರೆ. ಸೋತ ಕೋಳಿಯನ್ನು ಗೆದ್ದವನು ಕಾಲು ಹಿಡಿದು ಎತ್ತಿಕೊಂಡು ಸಾರು ಮಾಡಲು ಒಯ್ಯುತ್ತಾನೆ. ಅಯ್ಯೋ ಪಾಪ ಎಂದು ನಾನು ಒಮ್ಮೆಯೂ ಅಂದವಳಲ್ಲ. ನನಗೆ ಇಷ್ಟವಿತ್ತು, ಸುಳ್ಳು ಯಾಕೆ ಹೇಳಲಿ.

ಕಣ್ಣಿನ ತೊಂದರೆ ಮೊದಲಿನಿಂದಲೂ ಇತ್ತು. ಚಿತ್ರವನ್ನು ದೊಡ್ಡದು ಮಾಡಿಕೊಂಡು ಚೌಕ ಚೌಕ ತುಂಬಿಸಿ, ಮತ್ತೆ ಚಿಕ್ಕದು ಮಾಡಿ ನೋಡಿ, ಮತ್ತೆ ದೊಡ್ಡದು ಮಾಡಿ, ಸಂಜೆಗೆ ಕಣ್ಣು ಮೆಣಸು ಹಾಕಿದಂತೆ ಉರಿಯುತ್ತಿತ್ತು. ಕಣ್ಣು ಮುಚ್ಚಿದರೂ ಒಳಗೆ ಚೌಕಗಳೇ. ಅಮ್ಮ ನಂದಿಬಟ್ಟಲು ಹೂವನ್ನು ನೀರಲ್ಲಿ ಅದ್ದಿ ನನ್ನ ಎರಡೂ ಕಣ್ಣಿಗೆ ಇಟ್ಟು, "ಕಣ್ಣು ಹೋದ ಮೇಲೆ ನಿನ್ನನ್ನು ಯಾರು ಮದುವೆ ಆಗ್ತಾರೆ? ಆ ಕೋಳಿಯಾ?" ಎನ್ನುತ್ತಿದ್ದಳು. ಅಪ್ಪ ದುಬಾಯಿಯಲ್ಲಿದ್ದ. ಮದುವೆಯ ಚಿಂತೆಯೆಲ್ಲ ಅಮ್ಮನ ತಲೆಗೇ ಬಿದ್ದಿತ್ತು.

ಆಗ ಬಾವನಿಗೆ ಮಿಂಚಿನ ಹುಚ್ಚು ಹತ್ತಿತು. ಬಾಳು ತಾಗಿದ ಕೂಡಲೇ ಇಡೀ ಪರದೆ ಬಿಳಿ, ಕೆಂಪು, ಬಿಳಿ, ಕೆಂಪು ಎಂದು ಹೊಡೆದುಕೊಳ್ಳಬೇಕು, ಜೊತೆಗೆ ಪರದೆಯೇ ಗಡಗಡ ಅಲ್ಲಾಡಬೇಕು. ಮಾಡಿಯೂ ಬಿಟ್ಟ. ಆಟದ ಹೆಸರು ಬರುವ ಮೊದಲ ಪುಟಕ್ಕೂ ಅದನ್ನೇ ಹಾಕಿದ.

"ಕಣ್ಣಿಗೆ ಕುತ್ತುತ್ತದೆ ಮಾರಾಯ. ಸ್ವಲ್ಪ ಕಡಿಮೆ ಮಾಡು," ಎಂದೆ.

"ಸೋಲ್ತಾ ಇದ್ದಿ ನೋಡು, ಅದಕ್ಕೆ. ಕುಣಿಯಲಾರದವಳು ನೆಲ ಡೊಂಕು ಹೇಳಿದಳಂತೆ."

"ನಿನ್ನ ತಲೆ. ಬೆಳಕು ಹೊಡೆಯುವಾಗ ನನಗೆ ಒಂಥರಾ ಆಗ್ತದೆ. ಎಲ್ಲಿದ್ದೇನೆ ಹೇಳಿಯೇ ಮರೆತು ಹೋಗ್ತದೆ."

"ಅದು ನಿನಗೆ ಹುಟ್ಟಿದಾಗಿನಿಂದ ಉಂಟು," ಎಂದು ನಕ್ಕ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಗೆದ್ದೇ ತೋರಿಸುತ್ತೇನೆ ಎಂದು ಮತ್ತೆ ಕೂತೆ.

ಅದಾದ ಮೇಲೆ ಒಂದು ಆದಿತ್ಯವಾರ ಮಧ್ಯಾಹ್ನ. ಮಾವ ಅಂಕದಿಂದ ನೇರ ನಮ್ಮಲ್ಲಿಗೆ ಬಂದಿದ್ದ. ರಕ್ತದ ಬಾಳುಗಳನ್ನು ಅತ್ತೆ ತನ್ನ ಮನೆಯೊಳಗೆ ಸೇರಿಸುವುದಿಲ್ಲ, ಹಾಗಾಗಿ ಅವನು ಒರೆಸಿ ಎಣ್ಣೆ ಹಚ್ಚುವುದು ನಮ್ಮ ಚಾವಡಿಯಲ್ಲಿ. ಬಟ್ಟೆಯ ಸುರುಳಿ ಬಿಚ್ಚಿ, ಮಡಿಲ ಮೇಲೆ ಹಾಸಿ, ಒಂದೊಂದನ್ನೇ ತೆಗೆದು ಉಜ್ಜುತ್ತಿದ್ದ. ನಾವು ಸಣ್ಣವರಿದ್ದಾಗ ಆ ಸುರುಳಿ ಮುಟ್ಟಿದರೆ ಬೆತ್ತ ಬೀಳುತ್ತಿತ್ತು. ನಾನು ಬಾವನೆದುರು ಆಡುತ್ತಿದ್ದೆ, ಗೆಲ್ಲುವ ಅಂದಾಜಿನಲ್ಲಿದ್ದೆ. ನನ್ನ ಬಿಳಿ ಹುಂಜ ಹಾರಿತು, ಅವನ ಕೆಂಪು ಹುಂಜಕ್ಕೆ ಬಾಳು ತಾಗಿತು, ಪರದೆ ಮಿಂಚಿತು. ಮತ್ತೆ ಮಿಂಚಿತು. ನನಗೆ ಗೊತ್ತಿರುವುದು ಅಷ್ಟೇ.

ಮುಂದಿನದು ಅವರು ಹೇಳಿದ್ದು. ನಾನು ಕುರ್ಚಿ ಸಮೇತ ಬಿದ್ದೆನಂತೆ. ಕೈಕಾಲು ಬಡಿದುಕೊಂಡು, ಬಾಯಲ್ಲಿ ನೊರೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದು, "ಫಿಟ್ಸ್! ಕಬ್ಬಿಣ ಕೊಡಿ, ಅವಳ ಕೈಗೆ ಕಬ್ಬಿಣ ಕೊಡಿ!" ಎಂದು ಬೊಬ್ಬೆ ಹೊಡೆದಳಂತೆ. ಹಾಗೆ ಬಿದ್ದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂಬುದು ನಮ್ಮಲ್ಲಿ ಎಲ್ಲರೂ ನಂಬಿದ ಮಾತು. ಬೇರೆ ಮನೆಯಲ್ಲಾದರೆ ಬೀಗದ ಕೈ ಹುಡುಕುತ್ತಿದ್ದರು. ನನ್ನ ಮಾವ ಯೋಚನೆಯೇ ಮಾಡಲಿಲ್ಲ. ಅವನ ಬೆರಳಲ್ಲಿ ಇದ್ದ ಕಬ್ಬಿಣ ಒಂದೇ. ಆಗ ತಾನೇ ಎಣ್ಣೆ ಹಚ್ಚಿದ ಬಾಳನ್ನು ನನ್ನ ಬಲಗೈಯೊಳಗೆ ಇಟ್ಟು, ಮುಷ್ಟಿ ಮುಚ್ಚಿ, ಬಿಡದ ಹಾಗೆ ಮೇಲಿಂದ ತನ್ನ ಎರಡೂ ಕೈಯಿಂದ ಒತ್ತಿ ಹಿಡಿದ.

ಆ ಹೊತ್ತಿನಲ್ಲಿ ಮುಷ್ಟಿ ಎಷ್ಟು ಬಿಗಿಯುತ್ತದೆ ಎಂದು ಕಂಡವರಿಗೇ ಗೊತ್ತು. ಬಾಳು ಅಂಗೈಯನ್ನು ಸೀಳಿ ಒಳಗೆ ಹೋಯಿತು. ರಕ್ತ ಮಾವನ ಮೊಣಕೈಯವರೆಗೆ ಇಳಿಯಿತಂತೆ. ಆದರೂ ಅವನು ಬಿಡಲಿಲ್ಲ. ಬಿಟ್ಟರೆ ನಾನು ಸಾಯುತ್ತೇನೆ ಎಂದುಕೊಂಡಿದ್ದ.

ಎಚ್ಚರವಾದಾಗ ನಾನು ಕಾಸರಗೋಡಿಗೆ ಹೋಗುವ ಜೀಪಿನಲ್ಲಿದ್ದೆ. ಕೈಗೆ ಮಾವ ಉಟ್ಟಿದ್ದ ಮುಂಡು ಸುತ್ತಿತ್ತು, ಅದು ಪೂರಾ ನೆನೆದಿತ್ತು. ಮಾವ ಒಳಚಡ್ಡಿಯಲ್ಲಿ ಎದುರು ಕೂತು ತನ್ನ ಹಣೆಗೆ ತಾನೇ ಗುದ್ದಿಕೊಳ್ಳುತ್ತಿದ್ದ. ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಅವನ ಭುಜಕ್ಕೆ ಪಟಪಟ ಹೊಡೆಯುತ್ತಿದ್ದಳು. "ಕೋಳಿ ಕೊಂದ ಹಾಗೆ ಕೊಂದೆಯಲ್ಲ ಅಣ್ಣ, ನನ್ನ ಮಗಳನ್ನು ಕೋಳಿ ಕೊಂದ ಹಾಗೆ!" ಅಣ್ಣನ ಮೇಲೆ ಅವಳು ಕೈ ಎತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಸ್ಪತ್ರೆಯಲ್ಲಿ ಡಾಕ್ಟರು ಹೊಲಿಗೆ ಹಾಕಿ, ಉಂಗುರದ ಬೆರಳೂ ಕಿರುಬೆರಳೂ ಇನ್ನು ಪೂರ್ತಿ ಮಡಚಲಾರವು ಎಂದರು. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈದರು. ಬಿದ್ದವರ ಕೈಗೆ ಎಂತದೂ ಕೊಡಬಾರದು, ಹಿಡಿದು ಒತ್ತಬಾರದು, ಪಕ್ಕಕ್ಕೆ ಮಗ್ಗುಲಾಗಿಸಿ ಹತ್ತಿರ ಕೂತರೆ ಸಾಕು. ಬೀಳುವ ಮೊದಲು ಎಂತ ನೋಡುತ್ತಿದ್ದಳು ಎಂದು ಕೇಳಿದರು. ಬಾವ ಸಣ್ಣ ಸ್ವರದಲ್ಲಿ ಹೇಳಿದ. ಕೆಲವರ ಮಿದುಳಿಗೆ ಅಂಥ ಮಿನುಗು ಆಗಿಬರುವುದಿಲ್ಲ, ಮಾತ್ರೆ ತೆಗೆದುಕೊಳ್ಳಲಿ, ಮಿಂಚುವುದನ್ನು ಕಣ್ಣಿಗೆ ಬೀಳಿಸಬೇಡಿ, ಮತ್ತೆ ಬಿದ್ದರೆ ಎಲ್ಲಿ ತಲೆ ಬಡಿಯುತ್ತದೋ ಹೇಳಲಾಗದು ಎಂದರು.

ಮಾವ ಆಮೇಲೆ ಬಾಳು ಕಟ್ಟುವುದನ್ನೇ ಬಿಟ್ಟ ಎಂದು ಬರೆದರೆ ಚೆಂದ ಇರುತ್ತಿತ್ತು. ಬಿಡಲಿಲ್ಲ. ನನ್ನ ಹೊಲಿಗೆ ಬಿಚ್ಚುವ ಮೊದಲೇ ಗದ್ದೆಗೆ ಹೋಗಿದ್ದ. ಆದರೆ ಒರೆಸಲು ನಮ್ಮಲ್ಲಿಗೆ ಬರುತ್ತಿರಲಿಲ್ಲ.

ಅಮ್ಮನ ತೀರ್ಮಾನ ಎರಡು. ಒಂದು, ಕಂಪ್ಯೂಟರ್ ಬಾವಿಗೆ. ಇನ್ನೊಂದು, ಫಿಟ್ಸಿನ ಸುದ್ದಿ ಹೊಸ್ತಿಲು ದಾಟಬಾರದು. ಕೈ ಏನಾಯಿತು ಎಂದವರಿಗೆ, ಅಂಜಲ್ ಮೀನು ಕೊಯ್ಯುವಾಗ ಮೆಟ್ಟುಕತ್ತಿ ತಾಗಿತು ಎಂದು ಹೇಳಬೇಕು. ಕಂಪ್ಯೂಟರನ್ನು ನಾನು ಬಿಡಲಿಲ್ಲ. ಅದನ್ನು ಬಾವಿಗೆ ಹಾಕಿದರೆ ಹಿಂದಿನಿಂದ ನಾನೂ ಹಾರುತ್ತೇನೆ ಎಂದೆ. ಹಾರುವವಳೇ ಎಂದು ಅಮ್ಮನಿಗೂ ಗೊತ್ತಿತ್ತು.

ಬಾವನ ಹತ್ತಿರ ಜಗಳ ಬೇರೆ. ಅವನು ನನಗೊಬ್ಬಳಿಗೆ ಮಿಂಚಿಲ್ಲದ ಪ್ರತಿ ಮಾಡಿಕೊಟ್ಟ. ಜನರಿಗೆ ಕೊಡುವುದರಲ್ಲಿ ಮಿಂಚು ಹಾಗೇ ಇರುತ್ತದಂತೆ.

"ನನ್ನ ಹಾಗಿನವರು ಬೇರೆ ಇಲ್ಲವಾ? ಸೆಟ್ಟಿಂಗ್ಸಿನಲ್ಲಿ ಒಂದು ಗುಂಡಿ ಇಡು. ಮಿಂಚು ಬೇಡ ಅಂದವರಿಗೆ ಬೇಡ. ಅಲ್ಲಾಡುವುದು ಬೇಡ ಅಂದವರಿಗೆ ಅದೂ ಬೇಡ. ಅಕ್ಷರ ದೊಡ್ಡದು ಮಾಡ್ಲಿಕ್ಕೆ ಆಗ್ಬೇಕು. ಕೆಂಪು ಮುರಮಣ್ಣಿನ ಮೇಲೆ ಕೆಂಪು ರಕ್ತ ಯಾರಿಗೆ ಕಾಣ್ತದೆ? ಅದನ್ನೂ ಬದಲಾಯಿಸ್ಲಿಕ್ಕೆ ಆಗ್ಬೇಕು."

"ಒಬ್ಬಳು ಬಿದ್ದಳು ಹೇಳಿ ಇಡೀ ಆಟ ಸಪ್ಪೆ ಮಾಡ್ಲಿಕ್ಕೆ ಆಗ್ತದಾ? ಅದು ಅಂಕ, ಭಜನೆ ಅಲ್ಲ."

ಎಡಗೈಗೆ ಸಿಕ್ಕಿದ್ದು ಸ್ಟೀಲಿನ ಚೆಂಬು. ನೀರು ಸಮೇತ ಬೀಸಿದೆ. ಅವನ ಹುಬ್ಬು ಒಡೆದು ಕೀಬೋರ್ಡಿನ ಮೇಲೆ ರಕ್ತ ತೊಟ್ಟಿಕ್ಕಿತು. ಅವನೂ ಸುಮ್ಮನಿರಲಿಲ್ಲ, ನನ್ನ ಜಡೆ ಹಿಡಿದು ಎಳೆದು ಕಂಬಕ್ಕೆ ಒತ್ತಿದ. "ನಿನ್ನ ಕೈ ನೋಡಿದ ದಿನದಿಂದ ನನಗೆ ಅನ್ನ ಸೇರುವುದಿಲ್ಲ, ಗೊತ್ತುಂಟಾ ನಿನಗೆ?" ಎಂದು ಕಿರುಚಿ, ಜಡೆ ಬಿಟ್ಟು, ಅಲ್ಲೇ ನೆಲದಲ್ಲಿ ಕೂತು ಅತ್ತ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಇರಬಹುದು. ಆ ಚೆಂಬಿನ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ.

ಹುಬ್ಬಿಗೆ ಪ್ಲಾಸ್ಟರ್ ಅಂಟಿಸಿಕೊಂಡೇ ಗುಂಡಿ ಮಾಡಿದ. ಹೆಮ್ಮೆಯಿಂದ ತೋರಿಸಲು ಕರೆದ. ಆಟ ತೆರೆಯುವ ಮೊದಲು ಸಂಶಯ ಬಂದು ಕೇಳಿದೆ, ಆ ಗುಂಡಿ ಇರುವುದು ಎಲ್ಲಿ ಎಂದು. ಮೊದಲ ಪುಟ ದಾಟಿ ಒಳಗೆ ಹೋದ ಮೇಲೆ ಎಂದ. ಮೊದಲ ಪುಟವೇ ಮಿಂಚುತ್ತಿತ್ತಲ್ಲ! ಮಿಂಚು ನಿಲ್ಲಿಸಲು ಮಿಂಚು ದಾಟಿ ಹೋಗಬೇಕಿತ್ತು. ಅವನು ನಾಲಗೆ ಕಚ್ಚಿಕೊಂಡ. ಆಮೇಲೆ ಎಲ್ಲ ತಲೆಕೆಳಗೆ ಮಾಡಿ, ಬೇಕು ಅಂದವರಿಗೆ ಮಾತ್ರ ಮಿಂಚು ಎಂದು ಇಟ್ಟ. ನಾನು ಮೂರು ಬೆರಳಲ್ಲಿ ಮೌಸ್ ಹಿಡಿಯಲು ಕಲಿತೆ. ರಕ್ತದ ಬಣ್ಣ ಬದಲಿಸಿದೆ.

ಇನ್ನು ಉಳಿದದ್ದು ಒಂದೇ. ಆಟ ಶುರುವಾಗುವ ಮೊದಲು, ಮಿಂಚು ಹಾಕಿದರೆ ಫಿಟ್ಸ್ ಬರಬಹುದು ಎಂದು ಬರೆಯಬೇಕು. ಅಮ್ಮ ಒಪ್ಪಲಿಲ್ಲ. "ಆಟ ಮಾಡಿದವಳು ನೀನು ಹೇಳಿ ಊರಿಗೇ ಗೊತ್ತುಂಟು. ಅದರಲ್ಲಿ ಫಿಟ್ಸ್ ಹೇಳಿ ಬರೆದ್ರೆ ಜನ ಎಂತ ತಿಳ್ಕೊಳ್ತಾರೆ? ಜನಕ್ಕೆ ಬೇರೆ ಕೆಲಸ ಉಂಟಾ?" ಆ ಮಾತು ಬರೆಯದೆ ಆಟ ಹೊರಗೆ ಬಿಡುವುದಿಲ್ಲ ಎಂದು ನಾನು. ಬರೆದರೆ ಊಟ ಬಿಡುತ್ತೇನೆ ಎಂದು ಅವಳು. ಆಟ ಹಾಗೇ ನಿಂತಿತು.

ಅಷ್ಟರಲ್ಲಿ ನನ್ನನ್ನು ನೋಡಲು ಒಂದು ಕಡೆಯವರು ಬಂದರು. ಹುಡುಗ, ಅವನ ತಾಯಿ. ನಾನು ಸೀರೆ ಉಟ್ಟು, ಬಲಗೈ ಸೆರಗಿನೊಳಗೆ ಮುಚ್ಚಿ ನಿಂತಿದ್ದೆ. ಮೀನಿನ ಕಥೆ ಹೇಳಿ ಆಗಿತ್ತು. ಹುಡುಗ ಒಳ್ಳೆಯವನೇ ಇದ್ದ, ನಗುತ್ತಾ, "ಗೇಮ್ ಮಾಡ್ತೀರಂತೆ? ನೋಡ್ಬಹುದಾ?" ಎಂದ. ಮೂಲೆಯಲ್ಲಿದ್ದ ಬಾವ ಆಟ ತೆರೆದುಕೊಟ್ಟು, ಚಹಾ ಸಾಲದೆಂದು ಒಳಗೆ ಹೋದ. ಹುಡುಗ ಕೂತ. ನಾನು ಪಕ್ಕದಲ್ಲಿ ನಿಂತೆ. ನನ್ನ ಕೋಳಿಗಳನ್ನು ನೋಡಿ ಅವನು ಹೊಗಳಿದ, ನನಗೆ ಖುಷಿಯಾಯಿತು.

"ಇದೆಂತ, ಇಲ್ಲಿ ಮಿಂಚು ಹೇಳಿ ಉಂಟು, ಆಫ್ ಮಾಡಿದ್ದೀರಿ?" ಎಂದು ಆನ್ ಮಾಡಿಯೇ ಬಿಟ್ಟ. ಪಂದ್ಯ ಶುರುವಾಯಿತು. ಎರಡೂ ಹುಂಜ ಎದುರುಬದುರಾದವು. ಬೇಡ ಎನ್ನಲು ಬಾಯಿ ತೆರೆದು ಮುಚ್ಚಿದೆ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರಲ್ಲ. ಹುಂಜಗಳು ಹಾರಿದವು.

ಒಳಗಿಂದ ತಿಂಡಿ ತರುತ್ತಿದ್ದ ಅಮ್ಮನ ಕೈಯಲ್ಲಿದ್ದ ತಟ್ಟೆ, ಅವಲಕ್ಕಿ, ಬಾಳೆಕಾಯಿ ಚಿಪ್ಸು, ಎಲ್ಲ ನೆಲಕ್ಕೆ. ಅವಳು ಹಾರಿ ಬಂದು ಆ ಹುಡುಗನ ಕೈಗೆ ಪಟಾರನೆ ಹೊಡೆದು, ಇನ್ನೊಂದು ಅಂಗೈಯಿಂದ ನನ್ನ ಕಣ್ಣು ಮುಚ್ಚಿ, ನನ್ನನ್ನು ಎದೆಗೆ ಒತ್ತಿಕೊಂಡು, ಕಾಲಿನಿಂದ ವಯರು ಎಳೆದಳು. ಕಂಪ್ಯೂಟರ್ ಸತ್ತಿತು.

"ಇದೆಂತ ಇದು?" ಎಂದು ಹುಡುಗನ ತಾಯಿ ಎದ್ದು ನಿಂತರು.

"ಅವಳಿಗೆ ಫಿಟ್ಸ್ ಉಂಟು," ಎಂದಳು ಅಮ್ಮ. ಸೆರಗಿನೊಳಗಿಂದ ನನ್ನ ಕೈ ಹೊರಗೆಳೆದು, ಅಂಗೈ ಬಿಡಿಸಿ ಅವರೆದುರು ಹಿಡಿದಳು. "ಮೀನು ಕೊಯ್ದದ್ದು ಅಲ್ಲ, ಸುಳ್ಳು ಹೇಳಿದ್ದು ನಾನು. ಬಿದ್ದಾಗ ನಾವೇ ಕಬ್ಬಿಣ ಕೊಟ್ಟು ಹೀಗೆ ಮಾಡಿದ್ದು. ನೀವು ಕರ್ಕೊಂಡು ಹೋದ್ರೂ ಬಿಟ್ರೂ ಇದು ನಿಮಗೆ ಗೊತ್ತಿರಬೇಕು."

ಅವರು ಬಿಟ್ಟರು. ಚಹಾ ಲೋಟ ಹಾಗೇ ಇಟ್ಟು ಹೋದರು. ಹುಡುಗ ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದ. ನನಗೆ ದುಃಖವಾಯಿತು, ಆಗಲಿಲ್ಲ ಎಂದರೆ ಸುಳ್ಳು. ಅದಕ್ಕಿಂತ ಹೆಚ್ಚು, ಹೆಗಲಿನಿಂದ ಮೂಟೆ ಇಳಿಸಿದಷ್ಟು ಹಗುರವಾಯಿತು.

ಅಮ್ಮ ಅವಲಕ್ಕಿ ಗುಡಿಸಿ ಮುಗಿಸಿ, ವಯರನ್ನು ತಾನೇ ಸಿಕ್ಕಿಸಿದಳು.

"ಅದೆಂತದೋ ಬರಿಲಿಕ್ಕೆ ಉಂಟು ಹೇಳ್ತಿದ್ದಿಯಲ್ಲ, ಬರಿ. ನಿನ್ನ ಆ ಇರುವೆಯ ಹಾಗಿನ ಅಕ್ಷರ ಬೇಡ, ದೊಡ್ಡದು ಬರಿ. ಕನ್ನಡದಲ್ಲಿಯೂ ಬರಿ."

ಫಿಟ್ಸಿನ ಬಗ್ಗೆ ಬರೆದು ಅವಳಿಗೆ ಓದಿ ಹೇಳಿದೆ. ಸಾಲದು ಎಂದಳು. ಕೊನೆಯ ಸಾಲು ಅವಳು ಹೇಳಿದ್ದು, ನಾನು ಟೈಪ್ ಮಾಡಿದ್ದು. ಆಟ ತೆರೆದವರಿಗೆ ಮೊದಲ ಪುಟದಲ್ಲೇ ಅದು ಸಿಗುತ್ತದೆ: ಆಡುವಾಗ ಯಾರಾದರೂ ಬಿದ್ದರೆ ಕೈಗೆ ಕಬ್ಬಿಣ ಕೊಡಬೇಡಿ, ಹತ್ತಿರ ಕೂತುಕೊಳ್ಳಿ.